ಸ್ವಿಚ್ ರೀಬೂಟ್ ಮಾಡುವ ಮೊದಲು ಎರಡನೇ ಲಿಂಕ್ ನೋಡಿ

ವೈಟ್‌ಫೀಲ್ಡ್ ಕಡೆಯ ಒಂದು ಡೇಟಾ ಸೆಂಟರ್‌ನಲ್ಲಿ ನಮ್ಮ ಕಂಪನಿಯ ರ‍್ಯಾಕ್‌ಗಳಿವೆ. ಪ್ರತಿ ರ‍್ಯಾಕಿನ ಮೇಲ್ಗಡೆ ಎರಡು ನೆಟ್‌ವರ್ಕ್ ಸ್ವಿಚ್. ಪ್ರತಿ ಸರ್ವರ್‌ನಿಂದ ಎರಡಕ್ಕೂ ಒಂದೊಂದು ಕೇಬಲ್. ಒಂದು ಸ್ವಿಚ್ ಬಿದ್ದರೂ ಇನ್ನೊಂದು ನೋಡಿಕೊಳ್ಳುತ್ತದೆ ಎಂಬ ಲೆಕ್ಕ. ಒಂದೊಂದೇ ಸ್ವಿಚ್ಚನ್ನು ರೀಬೂಟ್ ಮಾಡುತ್ತಾ ಹೋಗುವ ಫರ್ಮ್‌ವೇರ್ (ಸ್ವಿಚ್‌ನೊಳಗಿನ ಸಾಫ್ಟ್‌ವೇರ್) ಅಪ್‌ಗ್ರೇಡ್ ಪೂರ್ತಿ ನಿಂತಿರುವುದೇ ಈ ಲೆಕ್ಕದ ಮೇಲೆ. ಅದಕ್ಕೇ ನಮ್ಮ ಟೀಮಿಗೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ತೋರಿಸುವುದು ಸರ್ವರ್ ಬದಿಯನ್ನು. ಸ್ವಿಚ್ ಆಮೇಲೆ.

ಲಿನಕ್ಸ್ ಸರ್ವರ್ ಆದರೆ ಪ್ರಾಕ್ ಡೈರೆಕ್ಟರಿಯೊಳಗೆ ಬಾಂಡಿಂಗ್‌ದೇ (ಎರಡು ಲಿಂಕ್ ಸೇರಿಸಿ ಒಂದಾಗಿ ಬಳಸುವುದು) ಒಂದು ಫೈಲ್ ಇರುತ್ತದೆ. ಅದನ್ನು ತೆರೆದು ನಿಧಾನವಾಗಿ ಓದಿ. ಎರಡೂ ಇಂಟರ್ಫೇಸ್ 'ಅಪ್' ಎಂದಿದ್ದರೆ ಸಾಲದು. ಎಲ್‌ಎಸಿಪಿ ಬಾಂಡ್ (ಸರ್ವರ್, ಸ್ವಿಚ್ ಮಾತಾಡಿಕೊಂಡು ಲಿಂಕ್‌ಗಳನ್ನು ಒಟ್ಟುಗೂಡಿಸುವ ಬಗೆ) ಆಗಿದ್ದರೆ ಎರಡು ಇಂಟರ್ಫೇಸ್‌ಗಳ ಅಗ್ರಿಗೇಟರ್ ಐಡಿ (ಲಿಂಕ್ ಯಾವ ಗುಂಪಿನದು ಎಂಬ ಸಂಖ್ಯೆ) ಒಂದೇ ಇರಬೇಕು. ಬೇರೆ ಬೇರೆ ಇದ್ದರೆ ಟ್ರಾಫಿಕ್ ಹೋಗುತ್ತಿರುವುದು ಒಂದರಲ್ಲಿ ಮಾತ್ರ, ಇನ್ನೊಂದು ಸುಮ್ನೆ ಕೂತಿದೆ. ಪಾರ್ಟ್ನರ್ ಮ್ಯಾಕ್ ವಿಳಾಸದಲ್ಲಿ (ಆಚೆ ಕಡೆಯ ಸಾಧನದ ಗುರುತು) ಬರೀ ಸೊನ್ನೆಗಳಿದ್ದರೆ ಆಚೆ ಕಡೆಯ ಸ್ವಿಚ್ ಎಲ್‌ಎಸಿಪಿ ಮಾತಾಡುತ್ತಲೇ ಇಲ್ಲ ಎಂದರ್ಥ.

ಆಕ್ಟಿವ್-ಬ್ಯಾಕಪ್ ಬಾಂಡ್ (ಒಂದು ಲಿಂಕ್ ಕೆಲಸ ಮಾಡುತ್ತದೆ, ಇನ್ನೊಂದು ಕಾಯುತ್ತದೆ) ಆದರೆ ಇನ್ನೂ ಹುಷಾರಾಗಿರಬೇಕು. ನಮ್ಮ ಒಂದು ಡೇಟಾಬೇಸ್ ಸರ್ವರ್‌ನಲ್ಲಿ ಎರಡೂ ಲಿಂಕ್ ಅಪ್ ಇತ್ತು. ಆದರೆ ಬ್ಯಾಕಪ್ ಪೋರ್ಟಿನ ಟ್ರಂಕ್‌ನಲ್ಲಿ ಸ್ಟೋರೇಜ್‌ಗೆ ಬೇಕಾದ ವಿಲ್ಯಾನ್ (ಒಂದೇ ಕೇಬಲ್‌ನಲ್ಲಿ ಬೇರ್ಪಡಿಸಿದ ನೆಟ್‌ವರ್ಕ್) ಇರಲೇ ಇಲ್ಲ. ಬಾಂಡಿಂಗ್ ಫೈಲಿನಲ್ಲಿ ಇಂಥದ್ದು ಕಾಣಿಸುವುದಿಲ್ಲ. ಗೊತ್ತಾಗಿದ್ದು ಲಿನಕ್ಸ್ ಟೀಮಿನ ಹುಡುಗಿ ಆಕ್ಟಿವ್ ಲಿಂಕನ್ನು ಬ್ಯಾಕಪ್ ಕಡೆಗೆ ತಿರುಗಿಸಿದಾಗ. "ಸರ್, ಗೇಟ್‌ವೇ ಪಿಂಗ್ ಬರ್ತಿದೆ, ಸ್ಟೋರೇಜ್ ಬರ್ತಿಲ್ಲ" ಎಂದು ತಕ್ಷಣ ಫೋನ್ ಮಾಡಿದಳು. ಆ ಪರೀಕ್ಷೆಯನ್ನು ಅಪ್ಲಿಕೇಶನ್ ಟೀಮಿನ ಒಪ್ಪಿಗೆ ಪಡೆದು, ಅಪ್‌ಗ್ರೇಡ್‌ಗೆ ಒಂದು ವಾರ ಮೊದಲೇ ಮಾಡಿ. ಒಂದೇ ಕೇಬಲ್ ಇರುವ ಸರ್ವರ್‌ಗಳ ಪಟ್ಟಿಯನ್ನೂ ಆಗಲೇ ಬರೆದುಕೊಂಡು ಅವುಗಳ ಮಾಲೀಕರಿಗೆ ತಿಳಿಸಿ.

ಈಗ ಸ್ವಿಚ್‌ಗೆ ಬರೋಣ. ರಿಲೀಸ್ ನೋಟ್ಸ್ ಓದದೆ ಯಾವ ವರ್ಷನ್ನನ್ನೂ ಆರಿಸಬೇಡಿ. ನೋಡಬೇಕಾದದ್ದು ಮುಖ್ಯವಾಗಿ ಮೂರು: ಈಗಿನ ವರ್ಷನ್‌ನಿಂದ ನೇರ ಹೋಗಬಹುದೇ ಅಥವಾ ನಡುವೆ ಇನ್ನೊಂದು ವರ್ಷನ್ ಹಾಕಬೇಕೇ, ನೀವು ಬಳಸುವ ಫೀಚರ್‌ಗಳಲ್ಲಿ ಏನು ಬದಲಾಗಿದೆ, ಗೊತ್ತಿರುವ ಬಗ್‌ಗಳು ಯಾವುವು. ಬೇರೆ ಕಂಪನಿಯ ಎಸ್‌ಎಫ್‌ಪಿ (ಪೋರ್ಟಿಗೆ ಚುಚ್ಚಿ ಕೇಬಲ್ ಸೇರಿಸುವ ಮಾಡ್ಯೂಲ್) ಹಾಕಿದ್ದರೆ ಹೊಸ ವರ್ಷನ್ ಅದನ್ನು ಒಪ್ಪುತ್ತದೆಯೇ ಎಂದು ಲ್ಯಾಬ್‌ನಲ್ಲಿ ಚುಚ್ಚಿ ನೋಡಿ.

ಇಮೇಜ್ (ಹೊಸ ಫರ್ಮ್‌ವೇರ್ ಫೈಲ್) ಕಾಪಿಯನ್ನು ಹಗಲಲ್ಲೇ ಮುಗಿಸಿ. ಸಿಸ್ಕೋ ಕಂಪನಿಯ ನೆಕ್ಸಸ್ 9000 ಸ್ವಿಚ್‌ನ ಇಮೇಜ್ ಒಂದು ಜಿಬಿಗಿಂತ ಜಾಸ್ತಿ ಇರುತ್ತದೆ. ಫೈಲ್ ಕಳಿಸಲು ಟಿಎಫ್‌ಟಿಪಿ ಎಂಬ ಹಳೆಯ ವಿಧಾನ ಬೇಡ. ಅದರ ಮೂಲ ವಿನ್ಯಾಸದಲ್ಲಿ 512 ಬೈಟ್‌ನ ಬ್ಲಾಕ್, 16 ಬಿಟ್‌ನ ಬ್ಲಾಕ್ ನಂಬರ್. 32 ಎಂಬಿ ಹತ್ತಿರ ಬಂದರೆ ನಂಬರ್ ಮುಗಿಯುತ್ತದೆ. ಎಸ್‌ಸಿಪಿ (ಸುರಕ್ಷಿತ ಕಾಪಿ) ಬಳಸಿ, ಕಮಾಂಡ್‌ನಲ್ಲಿ ಮ್ಯಾನೇಜ್‌ಮೆಂಟ್ ವಿಆರ್‌ಎಫ್ (ಸ್ವಿಚ್ ನಿರ್ವಹಣೆಗೆ ಮೀಸಲಾದ ಪ್ರತ್ಯೇಕ ರೂಟಿಂಗ್ ಟೇಬಲ್) ಹೇಳುವುದನ್ನು ಮರೆಯಬೇಡಿ. ಕಾಪಿ ಆದ ಮೇಲೆ ಸ್ವಿಚ್ ಮೇಲೆಯೇ ಚೆಕ್‌ಸಮ್ (ಫೈಲ್ ಕೆಟ್ಟಿಲ್ಲ ಎಂದು ತೋರಿಸುವ ಸಂಕೇತ) ತೆಗೆದು ಸ್ವಿಚ್ ತಯಾರಕರು ಕೊಟ್ಟಿರುವುದರ ಜೊತೆ ಹೋಲಿಸಿ. ಕಣ್ಣಲ್ಲಿ ಮೊದಲ ನಾಲ್ಕು ಅಕ್ಷರ ನೋಡಿ ಬಿಡಬೇಡಿ. ಎರಡನ್ನೂ ಒಂದೊಂದು ಫೈಲಿಗೆ ಹಾಕಿ ಡಿಫ್ (ವ್ಯತ್ಯಾಸ ತೋರಿಸುವ ಕಮಾಂಡ್) ಮಾಡಿ. ನೆಕ್ಸಸ್ ಆದರೆ 'ಶೋ ಇನ್‌ಸ್ಟಾಲ್ ಆಲ್ ಇಂಪ್ಯಾಕ್ಟ್' ಕಮಾಂಡ್ ಓಡಿಸಿ. ರೀಬೂಟ್ ಬೇಕೇ, ಬಯೋಸ್ (ಬೂಟ್ ಶುರುಮಾಡುವ ಸಾಫ್ಟ್‌ವೇರ್) ಕೂಡ ಬದಲಾಗುತ್ತದೆಯೇ ಎಂಬುದನ್ನು ಅದು ಮೊದಲೇ ಹೇಳುತ್ತದೆ.

ವರ್ಷಗಟ್ಟಲೆ ರೀಬೂಟ್ ಆಗದ ಸ್ವಿಚ್ ಬಗ್ಗೆ ವಿಶೇಷ ಗಮನ ಇರಲಿ. 2017ರಲ್ಲಿ ಸಿಸ್ಕೋ ಒಂದು ಎಚ್ಚರಿಕೆ ಕೊಟ್ಟಿತು. ಕೆಲವು ಮಾಡೆಲ್‌ಗಳಲ್ಲಿದ್ದ ಕ್ಲಾಕ್ ಸಿಗ್ನಲ್ ಬಿಡಿಭಾಗ ಸುಮಾರು 18 ತಿಂಗಳ ಬಳಕೆಯ ನಂತರ ಕೆಡಬಹುದಿತ್ತು, ಕೆಟ್ಟ ಮೇಲೆ ಪೆಟ್ಟಿಗೆ ಬೂಟ್ ಆಗುತ್ತಿರಲಿಲ್ಲ. ಇಂಟೆಲ್‌ನ ಆಟಮ್ ಸಿ2000 ಚಿಪ್‌ನಲ್ಲೂ ಅದೇ ಕಾಲದಲ್ಲಿ ಅಂಥದ್ದೇ ದೋಷ ಹೊರಬಂತು. ಓಡುತ್ತಿರುವಾಗ ಚೆನ್ನಾಗಿರುವ ಹಾರ್ಡ್‌ವೇರ್ ರೀಬೂಟ್‌ನಲ್ಲಿ ಕೈಕೊಡುವುದು ನಿಜ. ಅದೇ ಮಾಡೆಲ್‌ನ ಒಂದು ಸ್ಪೇರ್ ಸ್ವಿಚ್ ಅದೇ ಕಟ್ಟಡದಲ್ಲಿ ಇರಲಿ. ಸ್ಪೇರ್ ಇರುವುದು ಎಲೆಕ್ಟ್ರಾನಿಕ್ ಸಿಟಿ ಆಫೀಸಿನಲ್ಲಿ ಎಂದರೆ ಆ ರಾತ್ರಿಗೆ ಅದು ಇಲ್ಲದ ಹಾಗೇ.

ಕನ್ಸೋಲ್ ಕೇಬಲ್ (ಸ್ವಿಚ್‌ಗೆ ಲ್ಯಾಪ್‌ಟಾಪ್‌ನಿಂದ ನೇರ ಲಾಗಿನ್ ಆಗುವ ಕೇಬಲ್) ನಿಮ್ಮದೇ ಒಯ್ಯಿರಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಬೇಕಾದಷ್ಟು ಸಿಗುತ್ತವೆ. ಎಫ್‌ಟಿಡಿಐ ಚಿಪ್ ಇರುವುದನ್ನೇ ಕೇಳಿ ತಗೊಳ್ಳಿ, ಅಂಗಡಿಯಲ್ಲೇ ಲ್ಯಾಪ್‌ಟಾಪ್‌ಗೆ ಹಾಕಿ ಡ್ರೈವರ್ ಹಿಡಿಯುತ್ತದೆಯೇ ನೋಡಿ. ಬಾಡ್ ರೇಟ್ (ಸೀರಿಯಲ್ ಸಂಪರ್ಕದ ವೇಗ) ಸಾಮಾನ್ಯವಾಗಿ 9600. ಲ್ಯಾಪ್‌ಟಾಪ್ ಸೀರಿಯಲ್ ನಂಬರ್ ಗೇಟ್ ಪಾಸ್‌ನಲ್ಲಿ ಇರಲೇಬೇಕು. ಇಲ್ಲವಾದರೆ ಸೆಕ್ಯುರಿಟಿ ಅಣ್ಣ ಒಳಗೆ ಬಿಡುವುದಿಲ್ಲ, ಅವರು ಹಾಗೆ ಮಾಡುವುದೇ ಸರಿ.

ಅಪ್‌ಗ್ರೇಡ್ ಸಮಯ ಬರೆಯುವಾಗ ಐಎಸ್‌ಟಿ (ಭಾರತದ ಸಮಯ), ಯುಟಿಸಿ (ಜಾಗತಿಕ ಸಮಯ) ಎರಡನ್ನೂ ಬರೆಯಿರಿ. ನಮ್ಮ ಭಾನುವಾರ ನಸುಕಿನ 1 ಗಂಟೆ ಎಂದರೆ ಯುಟಿಸಿಯಲ್ಲಿ ಇನ್ನೂ ಶನಿವಾರ ಸಂಜೆ 7:30. ಹೊರದೇಶದ ಟೀಮ್ ಜೊತೆಗಿದ್ದರೆ ದಿನವೇ ತಪ್ಪಿಹೋಗುತ್ತದೆ. ಸಂಬಳದ ದಿನ, ತಿಂಗಳ ಕೊನೆ, ದೀಪಾವಳಿ ಸೇಲ್ ಇವುಗಳ ಹತ್ತಿರ ಇಟ್ಟುಕೊಳ್ಳಬೇಡಿ.

ಆ ರಾತ್ರಿ ಮೊದಲು ಕಾನ್ಫಿಗ್ ಸೇವ್ ಮಾಡಿ, ಸ್ವಿಚ್‌ನಿಂದ ಆಚೆಗೂ ಒಂದು ಕಾಪಿ ಇಡಿ. ಪೋರ್ಟ್ ಚಾನೆಲ್ (ಒಟ್ಟುಗೂಡಿಸಿದ ಪೋರ್ಟ್‌ಗಳು), ಎಲ್‌ಎಲ್‌ಡಿಪಿ ನೆರೆಯವರು (ಕೇಬಲ್‌ನ ಆಚೆ ತುದಿಯ ಸಾಧನಗಳು), ಬಿಜಿಪಿ (ದಾರಿಗಳ ಮಾಹಿತಿ ಹಂಚುವ ಪ್ರೋಟೋಕಾಲ್), ಮ್ಯಾಕ್ ಟೇಬಲ್ ಎಣಿಕೆ, ಎರರ್ ಕೌಂಟರ್ ಎಲ್ಲದರ ಔಟ್‌ಪುಟ್ ಫೈಲಿಗೆ ತೆಗೆಯಿರಿ. ಯಾವ ಸ್ವಿಚ್ ಮೊದಲು ಎಂಬುದಕ್ಕೆ ನಿಮ್ಮ ಮಾಡೆಲ್‌ನ ಅಪ್‌ಗ್ರೇಡ್ ಗೈಡ್ ಹೇಳುವ ಕ್ರಮವನ್ನೇ ಹಿಡಿಯಿರಿ. ಬಿಜಿಪಿ ಇದ್ದರೆ ಮೇಂಟೆನೆನ್ಸ್ ಮೋಡ್‌ಗೆ ಹಾಕಿ, ಟ್ರಾಫಿಕ್ ಇಳಿಯುವುದನ್ನು ಗ್ರಾಫಿನಲ್ಲಿ ಕಣ್ಣಾರೆ ನೋಡಿದ ಮೇಲೆ ಇನ್‌ಸ್ಟಾಲ್ ಒತ್ತಿ.

ಸ್ವಿಚ್ ಮತ್ತೆ ಬೂಟ್ ಆಗಿ ಬಂದ ನಂತರದ ಕೆಲವು ನಿಮಿಷ ತುಂಬಾ ಸೂಕ್ಷ್ಮ. ಲಾಗಿನ್ ಸಿಗುತ್ತದೆ, ಆದರೆ ಸರ್ವರ್ ಪೋರ್ಟ್‌ಗಳು ಇನ್ನೂ ಡೌನ್. ಗಾಬರಿ ಬೇಡ. ಪಕ್ಕದ ಸ್ವಿಚ್ ಜೊತೆ ಮಾಹಿತಿ ಹೊಂದಿಸಿಕೊಳ್ಳಲಿ ಎಂದು ಬೇಕೆಂದೇ ಇಟ್ಟ ವಿಳಂಬ ಅದು. ನೆಕ್ಸಸ್ ವಿಪಿಸಿಯಲ್ಲಿ (ಎರಡು ಸ್ವಿಚ್ ಜೋಡಿಯಾಗಿ ಕೆಲಸ ಮಾಡುವ ವ್ಯವಸ್ಥೆ) ಡೀಫಾಲ್ಟ್ 30 ಸೆಕೆಂಡ್, ಅರಿಸ್ಟಾ ಕಂಪನಿಯ ಅಂಥದ್ದೇ ಎಂಲ್ಯಾಗ್‌ನಲ್ಲಿ ಸಾಮಾನ್ಯವಾಗಿ 300 ಸೆಕೆಂಡ್. ಆಗ ಪೋರ್ಟ್‌ಗಳನ್ನು ಕೈಯಾರೆ ಎಬ್ಬಿಸಲು ಹೋದರೆ, ಮೇಲಿನ ದಾರಿ ಸಿದ್ಧವಾಗುವ ಮೊದಲೇ ಸರ್ವರ್‌ಗಳು ಇತ್ತ ಟ್ರಾಫಿಕ್ ಕಳಿಸುತ್ತವೆ, ಅದೆಲ್ಲ ಬಿದ್ದು ಹೋಗುತ್ತದೆ.

ಪೋರ್ಟ್‌ಗಳು ಬಂದ ಮೇಲೆ ಅದೇ ಔಟ್‌ಪುಟ್‌ಗಳನ್ನು ಮತ್ತೆ ತೆಗೆದು ಹಳೆಯದರ ಜೊತೆ ಡಿಫ್ ಮಾಡಿ. ಸರ್ವರ್ ಬದಿಯ ಬಾಂಡಿಂಗ್ ಫೈಲನ್ನೂ ನೋಡಿ. ಅರ್ಧ ಗಂಟೆ ಬಿಟ್ಟು, ಎರರ್ ಕೌಂಟರ್ ಏರುತ್ತಿಲ್ಲ ಎಂದಾದರೆ ಎರಡನೇ ಸ್ವಿಚ್‌ಗೆ ಕೈ ಹಾಕಿ. ಜೋಡಿಯಲ್ಲಿ ಎರಡು ವರ್ಷನ್ ಇರುವುದು ಅಪ್‌ಗ್ರೇಡ್ ನಡೆಯುವಷ್ಟು ಹೊತ್ತು ಮಾತ್ರ ಸರಿ. ಅದಕ್ಕೇ ಎರಡೂ ಒಂದೇ ರಾತ್ರಿ ಮುಗಿಯುವಷ್ಟು ಸಮಯ ಕೇಳಿ. ಹಿಂದಕ್ಕೆ ಹೋಗುವ ಗಂಟೆಯನ್ನೂ ಮೊದಲೇ ನಿಗದಿ ಮಾಡಿ. ನಮ್ಮಲ್ಲಿ ಅದು ಬೆಳಗಿನ ಜಾವ 3 ಗಂಟೆ. ಅಷ್ಟರಲ್ಲಿ ಮೊದಲ ಸ್ವಿಚ್ ಸರಿಯಾಗದಿದ್ದರೆ ಚರ್ಚೆ ಇಲ್ಲ, ಹಳೆಯ ಇಮೇಜ್‌ಗೆ ವಾಪಸ್. ಆ ಹಳೆಯ ಇಮೇಜನ್ನು ಫ್ಲ್ಯಾಶ್‌ನಿಂದ ಅಂದೇ ಅಳಿಸಬೇಡಿ. ಒಂದು ಪೂರ್ತಿ ವಾರದ ಹಗಲಿನ ಟ್ರಾಫಿಕ್ ಹೊಸ ವರ್ಷನ್ ಮೇಲೆ ಓಡಲಿ, ಆಮೇಲೆ ತೆಗೆಯಿರಿ.