ಪರ್ತ್‌ನಲ್ಲಿ ಕಪ್ಪು ಕಾಕಟೂ: ಮನೆ ಹತ್ತಿರವೇ ನೋಡಿ

ಆಸ್ಟ್ರೇಲಿಯಾದ ಪರ್ತ್‌ಗೆ ಹೊಸದಾಗಿ ಬಂದವರಿಗೆ ಮೊದಲು ಕಣ್ಣಿಗೆ ಬೀಳುವುದು ಬಿಳಿ ಕೊರೆಲ್ಲಾ, ಗುಲಾಬಿ ಬಣ್ಣದ ಗಲಾ ಎಂಬ ಗಿಣಿಗಳು. ಸ್ಕೂಲಿನ ಮೈದಾನದಲ್ಲಿ ಹಿಂಡುಗಟ್ಟಿ ಹುಲ್ಲು ಕೆದಕುತ್ತಿರುತ್ತವೆ. ಅದೇ ಗಿಣಿ ಜಾತಿಯ ಕಪ್ಪು ಕಾಕಟೂ ತಲೆ ಮೇಲೆಯೇ ಹಾರಿಹೋದರೂ ನಮ್ಮವರು ಕಾಗೆ ಅಂದುಕೊಂಡು ಸುಮ್ಮನಾಗುತ್ತಾರೆ. ಇದನ್ನು ನೋಡಲು ಕಾಡಿಗೆ ಹೋಗಬೇಕು, ದೊಡ್ಡ ಕ್ಯಾಮೆರಾ ಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕ್ಯಾನಿಂಗ್ ವೇಲ್, ವಿಲೆಟನ್‌ನಂಥ ಬಡಾವಣೆಗಳ ಕಡೆ ಮನೆ ಮಾಡಿದ್ದರೂ ಸಾಕು. ಹಕ್ಕಿಯನ್ನು ಹುಡುಕುವ ಬದಲು ಅದು ತಿನ್ನುವ ಮರಗಳನ್ನು ಗುರುತು ಮಾಡಿಕೊಳ್ಳಿ.

ಮೊದಲ ಸುಳಿವು ಸಿಗುವುದು ಕಿವಿಗೆ. ಬಿಳಿ ಬಾಲದ ಕಾರ್ನಬೀಸ್ ಕಾಕಟೂ "ವೀ-ಲೂ" ಅಂತ ಎಳೆದು ಕೂಗುತ್ತದೆ, ಎಣ್ಣೆ ಕಾಣದ ಗೇಟು ತೆರೆದ ಹಾಗೆ. ಕೆಂಪು ಬಾಲದ್ದು "ಕರ್ರಾಕ್" ಅನ್ನುತ್ತದೆ. ಇಲ್ಲಿನ ಮೂಲನಿವಾಸಿ ನೂಂಗಾರ್ ಜನ ಅದನ್ನು ಕರೆಯುವುದೂ ಕರ್ರಾಕ್ ಅಂತಲೇ. ಕೂಗು ಕೇಳಿದ ತಕ್ಷಣ ತಲೆ ಎತ್ತಿ. ಕಾಗೆಗಿಂತ ಉದ್ದ ಬಾಲ, ಅವಸರವಿಲ್ಲದ ರೆಕ್ಕೆ ಬಡಿತ. ಕೊಕ್ಕಿನಿಂದ ಬಾಲದ ತುದಿಯವರೆಗೆ ಅರ್ಧ ಮೀಟರ್‌ಗೂ ಜಾಸ್ತಿ ಉದ್ದ.

ಕೂತ ಹಕ್ಕಿ ಸಿಕ್ಕರೆ ಗಂಡು ಹೆಣ್ಣು ಹೇಳುವುದೂ ಸುಲಭ. ಕಾರ್ನಬೀಸ್ ಗಂಡಿಗೆ ಕಪ್ಪು ಕೊಕ್ಕು, ಕಣ್ಣಿನ ಸುತ್ತ ಕೆಂಪು ಬಳೆ. ಹೆಣ್ಣಿಗೆ ಮಾಸಲು ಬಿಳಿ ಕೊಕ್ಕು. ಕೆಂಪು ಬಾಲದ ಜಾತಿಯಲ್ಲಿ ಮೈಮೇಲೆ ಹಳದಿ ಚುಕ್ಕೆ ಇದ್ದರೆ ಅದು ಹೆಣ್ಣು ಅಥವಾ ಇನ್ನೂ ಮರಿ. ಬಾಡಿನ್ಸ್ ಅಂತ ಮೂರನೆಯದೂ ಒಂದಿದೆ. ಅದರ ಬಾಲವೂ ಬಿಳಿಯೇ, ಮೇಲಿನ ಕೊಕ್ಕು ಮಾತ್ರ ಉದ್ದ, ಸಪೂರ. ಹಾರುವಾಗ ಇವೆರಡನ್ನು ಬೇರೆ ಮಾಡಲು ಹಳೇ ಪಕ್ಷಿವೀಕ್ಷಕರೇ ಒದ್ದಾಡುತ್ತಾರೆ. ನೀವು ಸದ್ಯಕ್ಕೆ "ಬಿಳಿ ಬಾಲ" ಅಂತ ಬರೆದುಕೊಳ್ಳಿ.

ಈಗ ಮರಗಳ ವಿಷಯ. ಕಾರ್ನಬೀಸ್‌ಗೆ ಇಲ್ಲಿನ ಗಿಡಮರಗಳಾದ ಬ್ಯಾಂಕ್ಸಿಯಾ, ಹೇಕಿಯಾ ಮತ್ತು ಪೈನ್ ಬೀಜ ಇಷ್ಟ. ಇವು ಜುಲೈನಿಂದ ಡಿಸೆಂಬರ್‌ವರೆಗೆ ಹೆಚ್ಚಾಗಿ ಒಳನಾಡಿನ ಗೋಧಿ ಬೆಳೆಯುವ ಸೀಮೆಯಲ್ಲಿ, ಹಳೇ ಮರದ ಪೊಟರೆಗಳಲ್ಲಿ ಮೊಟ್ಟೆ ಇಡುತ್ತವೆ. ಆಮೇಲೆ ಮರಿ ಕಟ್ಟಿಕೊಂಡು ಕರಾವಳಿಗೆ ಬರುತ್ತವೆ. ಹಾಗಾಗಿ ಜನವರಿಯಿಂದ ಜೂನ್‌ವರೆಗೆ ಪರ್ತ್‌ನಲ್ಲಿ ಒಳ್ಳೆಯ ಕಾಲ. ಒಂದು ಜೋಡಿಗೆ ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮರಿ ಉಳಿಯುತ್ತದೆ. ಆ ಮರಿ ತಿನ್ನಿಸು ತಿನ್ನಿಸು ಅಂತ ಬಿಡದೆ ಗೊಣಗುವುದು ಕೇಳಿದರೆ ಅಮ್ಮನ ಮೇಲೆ ಕನಿಕರ ಬರುತ್ತದೆ.

ಕೆಂಪು ಬಾಲದ್ದಕ್ಕೆ ಮ್ಯಾರಿ ಮತ್ತು ಜಾರಾ ಎಂಬ ನೀಲಗಿರಿ ಜಾತಿಯ ಮರಗಳ ಕಾಯಿ ಬೇಕು. ಮ್ಯಾರಿ ಕಾಯಿ ಗಟ್ಟಿ, ಹೂಜಿಯ ಆಕಾರದ್ದು. ಇಲ್ಲಿನವರು ಹಾಂಕಿ ನಟ್ ಅನ್ನುತ್ತಾರೆ. ಫುಟ್‌ಪಾತ್ ಮೇಲೆ ಅಂಚು ಕಡಿದ ಹಾಂಕಿ ನಟ್‌ಗಳು ಹರಡಿದ್ದರೆ ಒಂದನ್ನು ಎತ್ತಿ ನೋಡಿ. ಕಡಿದ ಜಾಗ ಇನ್ನೂ ಹಸಿಯಾಗಿದ್ದರೆ ಹಕ್ಕಿ ಇತ್ತೀಚೆಗೆ ಬಂದುಹೋಗಿದೆ, ಬಹುಶಃ ಇನ್ನೂ ಮೇಲೆಯೇ ಇದೆ. ತಿನ್ನುವಾಗ ಇವು ಹೆಚ್ಚು ಕೂಗುವುದಿಲ್ಲ. ತೊಟ್ಟು, ಸಿಪ್ಪೆ ಟಪ್ ಟಪ್ ಅಂತ ಉದುರುವುದೇ ಗುರುತು.

ಕೆಂಪು ಬಾಲ ನಗರಕ್ಕೆ ಬರಲು ಇನ್ನೊಂದು ಕಾರಣ ಕೇಪ್ ಲೈಲಾಕ್ ಮರ. ಹಳೇ ಬಡಾವಣೆಗಳ ಹಿತ್ತಲಲ್ಲಿ, ರಸ್ತೆ ಬದಿಯಲ್ಲಿ ಇರುತ್ತದೆ. ಚಳಿಗಾಲದಲ್ಲಿ ಎಲೆ ಉದುರಿ ಹಳದಿ ಕಾಯಿಗೊಂಚಲು ಮಾತ್ರ ಉಳಿದಾಗ ಹಕ್ಕಿ ಎದ್ದು ಕಾಣುತ್ತದೆ. ಈ ಮರ ನಮ್ಮ ಬೇವಿನ ಹತ್ತಿರದ ನೆಂಟ. ಅದಕ್ಕೇ ಒಂದು ಎಚ್ಚರಿಕೆ: ಯುಗಾದಿಗೆ ಬೇವು ಅಂತ ಇದರ ಸೊಪ್ಪು ಕಿತ್ತು ಬೆಲ್ಲದ ಜೊತೆ ತಿನ್ನಬೇಡಿ. ಕಾಕಟೂಗೆ ಒಗ್ಗುವ ಈ ಕಾಯಿ ನಮಗೆ ವಿಷ, ಸೊಪ್ಪೂ ತಿನ್ನುವಂಥದ್ದಲ್ಲ. ಬೇವಿನಲ್ಲಿ ಒಂದೇ ಕಡ್ಡಿಯ ಎರಡೂ ಬದಿಗೆ ಎಲೆ ಸಾಲಾಗಿರುತ್ತದೆ. ಇದರಲ್ಲಿ ಆ ಕಡ್ಡಿಯೇ ಮತ್ತೆ ಕವಲೊಡೆದಿರುತ್ತದೆ. ಮಕ್ಕಳಿಗೂ ತೋರಿಸಿ ಹೇಳಿ.

ಮರ ಸಿಗದಿದ್ದರೆ ನೀರು ನೋಡಿ. ಸೂರ್ಯ ಮುಳುಗುವ ಅರ್ಧ ಗಂಟೆ ಮುಂಚೆ ಇವು ನೀರು ಕುಡಿದು, ಹತ್ತಿರದ ಎತ್ತರದ ಮರಗಳಲ್ಲಿ ರಾತ್ರಿ ಕಳೆಯಲು ಸೇರುತ್ತವೆ. ಕಿಂಗ್ಸ್ ಪಾರ್ಕ್, ಮರ್ಡಾಕ್ ಯೂನಿವರ್ಸಿಟಿ ಆವರಣ ಎರಡೂ ಒಳ್ಳೆಯ ಜಾಗ. ಬರ್ಡ್‌ಲೈಫ್ ಆಸ್ಟ್ರೇಲಿಯಾ ಸಂಸ್ಥೆಯ "ಗ್ರೇಟ್ ಕಾಕಿ ಕೌಂಟ್" ಎಣಿಕೆಯೂ ಸಂಜೆ ಹೀಗೆ ಸೇರುವ ಹಕ್ಕಿಗಳದ್ದೇ. ಅದು ನಡೆಯುವ ವರ್ಷ ಹೆಸರು ಕೊಡಿ. ಪಕ್ಷಿಜ್ಞಾನ ಏನೂ ಬೇಡ, ಎಣಿಸಲು ಬಂದರೆ ಆಯಿತು. ಅಕ್ಕಪಕ್ಕದವರ ಪರಿಚಯಕ್ಕೆ ಇದಕ್ಕಿಂತ ಸುಲಭ ದಾರಿ ನನಗಂತೂ ಕಂಡಿಲ್ಲ.

ಅನ್ನ, ಬ್ರೆಡ್ ಹಾಕಿ ಕರೆಯಬೇಡಿ. ಅಗಲ ಬೋಗುಣಿಯಲ್ಲಿ ನೀರಿಡಿ, ದಿನಾ ತೊಳೆಯಿರಿ. ಜಾಗ ಇದ್ದರೆ ಒಂದು ಬ್ಯಾಂಕ್ಸಿಯಾ ನೆಡಿ. ಮೂರೂ ಜಾತಿಗಳು ಅಪಾಯದಲ್ಲಿರುವುದರಿಂದ ಕಾನೂನಿನ ರಕ್ಷಣೆ ಇದೆ. ಪೊಟರೆ ಆಗುವಷ್ಟು ಮರ ಬೆಳೆಯಲು ನೂರು ವರ್ಷಕ್ಕೂ ಜಾಸ್ತಿ ಬೇಕು, ಕಡಿಯಲು ಒಂದು ಬೆಳಗ್ಗೆ ಸಾಕಲ್ವಾ?

ಮಳೆ ನಿಂತ ಮೇಲೆ ರಸ್ತೆಯ ಗುಂಡಿಯಲ್ಲಿ ನೀರು ಕುಡಿಯುತ್ತಿರುವಾಗ ಈ ಕಾಕಟೂಗಳು ಕಾರು ಬಡಿದು ಬೀಳುವುದು ಇಲ್ಲಿ ಮಾಮೂಲು. ಗಾಯಗೊಂಡ ಹಕ್ಕಿ ಕಂಡರೆ ಬರಿಗೈಯಲ್ಲಿ ಹಿಡಿಯಬೇಡಿ. ಆ ಕೊಕ್ಕಿಗೆ ಹಾಂಕಿ ನಟ್ಟೇ ಲೆಕ್ಕವಿಲ್ಲ, ಇನ್ನು ಬೆರಳು! ವೈಲ್ಡ್‌ಕೇರ್ ಸಹಾಯವಾಣಿಗೆ ಫೋನ್ ಮಾಡಿ, ಮುಂದೇನು ಅಂತ ಅವರೇ ಹೇಳುತ್ತಾರೆ. ಪರ್ತ್ ಝೂ ವೈದ್ಯರು ಚಿಕಿತ್ಸೆ ಕೊಡುತ್ತಾರೆ, ಚೇತರಿಸಿಕೊಳ್ಳುವ ಹಕ್ಕಿಗಳನ್ನು ಕಾರಕಿನ್ ಎಂಬ ಕಪ್ಪು ಕಾಕಟೂ ಆರೈಕೆ ಕೇಂದ್ರದಲ್ಲಿ ನೋಡಿಕೊಳ್ಳುತ್ತಾರೆ.

ಕೆಳಗೆ ಬಿದ್ದ ಕೆಂಪು ಗರಿ ಎಷ್ಟೇ ಚೆನ್ನಾಗಿದ್ದರೂ ಊರಿಗೆ ಹೋಗುವಾಗ ಸೂಟ್‌ಕೇಸಿಗೆ ಹಾಕಬೇಡಿ. ಇಲ್ಲಿನ ವನ್ಯಜೀವಿಗಳ ಗರಿಯನ್ನೂ ಅನುಮತಿ ಇಲ್ಲದೆ ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಫೋಟೋ ತೆಗೆದು ಕಳಿಸಿ.