ಒಂದೇ ಹಾರ್ಡ್ ಡಿಸ್ಕ್ ನಂಬಿ ಕೂರಬೇಡಿ

ಮದುವೆ ಫೋಟೊ, ಮಕ್ಕಳ ವಿಡಿಯೊ ಎಲ್ಲವನ್ನೂ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಹಾಕಿ, ಜಾಗ ಸಾಲದೆಂದು ಲ್ಯಾಪ್‌ಟಾಪಿನಿಂದ ಅಳಿಸಿಬಿಡುವವರೇ ಜಾಸ್ತಿ. ಹಾಗೆ ಮಾಡಿದರೆ ಅದು ಬ್ಯಾಕಪ್ ಅಲ್ಲ, ಉಳಿದಿರುವ ಒಂದೇ ಪ್ರತಿ ಅಷ್ಟೇ, ಅಲ್ವಾ?

ಚಿಕ್ಕ ಪೋರ್ಟಬಲ್ ಡಿಸ್ಕುಗಳ ಒಳಗಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಓದುವ ಹೆಡ್ ಅದರ ಮೇಲೆ, ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಫೈಲ್ ಕಾಪಿ ಆಗುವಾಗ ಕೇಬಲ್ ಕೈಗೆ ಸಿಕ್ಕಿ ಡಿಸ್ಕ್ ಮೇಜಿನಿಂದ ಬಿದ್ದರೆ, ಹೆಡ್ ತಗುಲಿ ತಟ್ಟೆ ಗೀರಿಹೋಗಬಹುದು. ಅದಕ್ಕೇ ಗೋಡೆಯ ಕಡೆಗೆ, ಅಲುಗಾಡದ ಜಾಗದಲ್ಲಿಡಿ. ತೆಗೆಯುವ ಮೊದಲು ‘ಇಜೆಕ್ಟ್’ ಒತ್ತಿ.

ಟಿಕ್ ಟಿಕ್ ಸದ್ದು ಬಂತೋ, ಕೂಡಲೇ ಕೇಬಲ್ ತೆಗೆಯಿರಿ. ಸುಮ್ನೆ ಮತ್ತೆ ಮತ್ತೆ ಹಾಕಿ ನೋಡಬೇಡಿ, ರಿಪೇರಿ ಸಾಫ್ಟ್‌ವೇರ್ ಓಡಿಸಲೂಬೇಡಿ. ಇನ್ನೂ ಓದಬಹುದಾದ ಭಾಗವೂ ಹಾಳಾದೀತು. ಡೇಟಾ ರಿಕವರಿ ಮಾಡುವವರಿಗೇ ಕೊಡಿ, ಖರ್ಚು ಮಾತ್ರ ಹೊಸ ಡಿಸ್ಕಿನ ಬೆಲೆಯನ್ನೂ ಮೀರಬಹುದು.

ಎಲ್ಲ ಡಿಸ್ಕೂ ಮುನ್ಸೂಚನೆ ಕೊಡುವುದಿಲ್ಲ. ಆದರೂ ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ, ಡಿಸ್ಕಿನ ಆರೋಗ್ಯ ತೋರಿಸುವ ಉಚಿತ ಸಾಫ್ಟ್‌ವೇರ್ ಹಾಕಿ ಆಗಾಗ ನೋಡಿ. ‘ರೀಅಲೊಕೇಟೆಡ್’, ‘ಪೆಂಡಿಂಗ್’ ಸೆಕ್ಟರುಗಳ, ಅಂದರೆ ಡಿಸ್ಕಿನಲ್ಲಿ ಕೆಟ್ಟುಹೋದ ಅಥವಾ ಕೆಟ್ಟಿರಬಹುದಾದ ಪುಟ್ಟ ಭಾಗಗಳ, ಸಂಖ್ಯೆ ಏರುತ್ತಿದ್ದರೆ ಅವತ್ತೇ ಬೇರೆ ಕಡೆಗೆ ಕಾಪಿ ಮಾಡಿ.

ನನ್ನ ಮಟ್ಟಿಗೆ ಎರಡು ಡಿಸ್ಕ್ ಬೇಕೇ ಬೇಕು. ಎರಡನ್ನೂ ಒಂದೇ ಬೀರುವಿನಲ್ಲಿಟ್ಟರೆ ಕಳ್ಳತನ, ಬೆಂಕಿ, ನೀರು ಎಲ್ಲಕ್ಕೂ ಒಟ್ಟಿಗೇ ಸಿಕ್ಕುತ್ತವೆ. ಒಂದು ಅಕ್ಕನ ಮನೆಯಲ್ಲೋ ಊರಲ್ಲೋ ಇರಲಿ. ಆಗದಿದ್ದರೆ ತೀರಾ ಬೇಕಾದ್ದನ್ನಾದರೂ ಕ್ಲೌಡಿಗೆ ಹಾಕಿ. ಕೆಲಸ ಮುಗಿದ ಮೇಲೆ ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಡಬೇಡಿ, ರ‍್ಯಾನ್ಸಮ್‌ವೇರ್ (ಫೈಲುಗಳನ್ನು ಲಾಕ್ ಮಾಡಿ ಹಣ ಕೇಳುವ ವೈರಸ್) ಬಂದರೆ ಅದನ್ನೂ ಲಾಕ್ ಮಾಡುತ್ತದೆ.