ಚಿಂತೆಗೆ ಒಂದು ಪುಸ್ತಕ, ಎರಡು ಪಾಲು: ನನ್ನ ಅನುಭವ

"ನಿಮ್ಮ ಚಿಂತೆಯನ್ನೆಲ್ಲಾ ದೇವರ ಮೇಲೆ ಹಾಕಿರಿ" ಎನ್ನುವ ಬೈಬಲಿನ ಮಾತು, 1 ಪೇತ್ರ 5:7, ನಮಗೆಲ್ಲ ಬಾಯಿಪಾಠ. ಚಿಂತೆಯನ್ನು ಆತನ ಮೇಲೆ ಹಾಕುವುದು ಹೇಗೆ ಎಂಬಲ್ಲೇ ನಮ್ಮವರು ಸೋಲುವುದು. ನನಗೆ ಫಲ ಕೊಟ್ಟದ್ದು ಇನ್ನೂರು ಪುಟದ ಒಂದು ಉದ್ದ ನೋಟ್‌ಬುಕ್. "ದೇವರಿಗೂ ಲೆಕ್ಕ ಬರೆದು ಕೊಡ್ಬೇಕಾ?" ಎಂದು ಮಂಡ್ಯದ ನಮ್ಮ ಕೂಟದಲ್ಲಿ ಕೇಳಿದವರ ಮನೆಗಳಲ್ಲೂ ಈಗ ಅದೇ ಪುಸ್ತಕ ಇದೆ.

ದಾರಿ ತೋರಿಸಿದವನು ಬೈಬಲಿನ ಯೆಹೂದದ ಅರಸ ಹಿಜ್ಕೀಯ. ಅಶ್ಶೂರದವರ ಬೆದರಿಕೆಯ ಪತ್ರವನ್ನು ಓದಿ, ದೇವಾಲಯಕ್ಕೆ ಒಯ್ದು, ಯೆಹೋವನ ಮುಂದೆ ಬಿಚ್ಚಿಟ್ಟ (2 ಅರಸುಗಳು 19:14). ಹಾಗೇ ಕಾಗದವನ್ನೇ ಇಡಬೇಕು. ಪುಟದ ನಡುವೆ ಗೆರೆ ಎಳೆಯಿರಿ. ಎಡಗಡೆ ನನ್ನ ಪಾಲು, ಬಲಗಡೆ ಆತನ ಪಾಲು. "ಸಾಲದ ಚಿಂತೆ" ಎಂದು ಬರೆದರೆ ನಡೆಯದು. ಯಾರಿಗೆ, ಎಷ್ಟು, ಯಾವತ್ತು, ಮೂರೂ ಬೇಕು. "ಸಂಘದ ಕಂತು, 4,200, ಬುಧವಾರ." ಹೆಸರಿಲ್ಲದ ಚಿಂತೆಯೇ ರಾತ್ರಿ ಬೆಳೆಯುವುದು.

ಕಬ್ಬಿನ ಹಣವನ್ನೇ ತೆಗೆದುಕೊಳ್ಳಿ. ಕಬ್ಬು ಒಪ್ಪಿಸಿದ 14 ದಿನದೊಳಗೆ ಪಾವತಿಯಾಗಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ತಡವಾದರೆ ತೂಕದ ಚೀಟಿ ಹಿಡಿದು ಕಚೇರಿಗೆ ಹೋಗುವುದು, ಸಾಲ ಕೊಟ್ಟವರ ಹತ್ತಿರ ವಾಯಿದೆ ಕೇಳುವುದು ಎಡಗಡೆ. ದುಡ್ಡು ಬೀಳುವ ದಿನ, ಮಳೆ, ನಾಲೆಗೆ ನೀರು, ಇವೆಲ್ಲ ಬಲಗಡೆ. ಎಡಗಡೆ ನಾಳೆಗೆ ಒಂದೇ ಕೆಲಸ ಇರಲಿ, ಹೆಚ್ಚೆಂದರೆ ಎರಡು. ಐದಾರು ಬರೆದರೆ ಆತನ ಪಾಲನ್ನೂ ನೀವೇ ಹೊತ್ತುಕೊಂಡಿದ್ದೀರಿ ಎಂದೇ ಅರ್ಥ.

ಬಲಗಡೆ ಬರೆಯುವ ಮೊದಲು ಅವತ್ತಿನ ಮೂರು ಉಪಕಾರ ಬರೆಯಲೇಬೇಕು. ಫಿಲಿಪ್ಪಿ 4:6ರಲ್ಲಿ ವಿಜ್ಞಾಪನೆಯ ಜೊತೆಗೇ ಕೃತಜ್ಞತೆಯೂ ಇದೆ. ಅದನ್ನು ಬಿಟ್ಟವರ ಪುಸ್ತಕ ವಾರದೊಳಗೆ ಬರೀ ಗೋಳಿನ ಪಟ್ಟಿಯಾಗಿದ್ದನ್ನು ನೋಡಿದ್ದೇನೆ. ಆಮೇಲೆ ಬಲಗಡೆಯ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಗಟ್ಟಿಯಾಗಿ ಓದಿ, "ಇದು ನಿನ್ನದು ಸ್ವಾಮಿ" ಎಂದು ಹೇಳಿ ಪುಸ್ತಕ ಮುಚ್ಚುವುದು. ರಾತ್ರಿ ಊಟಕ್ಕೆ ಮುಂಚೆ, ಕಾಲು ಗಂಟೆ ಸಾಕು. ಹಾಸಿಗೆಯ ಮೇಲೆ ಬೇಡವೇ ಬೇಡ: ಮಲಗಿಕೊಂಡು ಮಾಡುವ ಉದ್ದನೆಯ ಪ್ರಾರ್ಥನೆ ಎಷ್ಟೋ ಸಲ ಚಿಂತೆಯೇ, ಕೊನೆಗೊಂದು ಆಮೆನ್ ಇರುತ್ತದೆ ಅಷ್ಟೆ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಲೆಕ್ಕಕ್ಕೆ ಇಳಿಯದೆ 121ನೇ ಕೀರ್ತನೆ ಹೇಳಿ. ಎಂಟೇ ವಚನ. ಕಾಯುವಾತನು ತೂಕಡಿಸುವುದಿಲ್ಲ ಎಂಬಲ್ಲಿಗೆ ಬಂದಾಗ ನಿಧಾನಿಸಿ. ಭಾನುವಾರ ಆರಾಧನೆಗೆ ಮುಂಚೆ ಹಳೆಯ ಪುಟಗಳನ್ನು ತಿರುವಿಹಾಕುವುದಕ್ಕೂ ಒಂದು ಕ್ರಮವಿದೆ. ಅದನ್ನು ಎದುರು ಕೂತವರಿಗೆ ಮಾತ್ರ ಹೇಳುತ್ತೇನೆ, ಬರೆದರೆ ಅರ್ಧ ಕೆಡುತ್ತದೆ.

ಬೇರೆ ಪ್ರಯೋಗಗಳೂ ಆದವು. ಚೀಟಿ ಬರೆದು ಡಬ್ಬಿಗೆ ಹಾಕುವುದು ಹೆಚ್ಚು ದಿನ ನಡೆಯಲಿಲ್ಲ. ಕೈ ಮತ್ತೆ ಡಬ್ಬಿಗೇ ಹೋಗುತ್ತದೆ. ವಾಟ್ಸಾಪ್ ಪ್ರಾರ್ಥನಾ ಗುಂಪಿಗೆ ಹಾಕಿದರೆ ಹತ್ತು ಜನ ಫೋನ್ ಮಾಡಿ ಅದನ್ನೇ ಕೇಳುತ್ತಾರೆ. ಇಬ್ಬರು ನಂಬಿಕಸ್ಥರು ಸಾಕು. ಇಯರ್‌ಫೋನಿನಲ್ಲಿ ವಾಕ್ಯ ಕೇಳುತ್ತಾ ಮಲಗಿದರೆ ನಿದ್ದೆ ಬರುತ್ತದೆ, ಆದರೆ ಒಪ್ಪಿಸುವ ಕೆಲಸ ಆಗಿರುವುದಿಲ್ಲ.

ದುಡ್ಡಿನ ಮಾತು ಹೇಳಲೇಬೇಕು. ರಾತ್ರಿಯ ಹೆದರಿಕೆ ಬೆಳಿಗ್ಗೆ ಕೈಸಾಲಕ್ಕೆ ಓಡಿಸುತ್ತದೆ. ತಿಂಗಳಿಗೆ ನೂರಕ್ಕೆ ಮೂರರಂತೆ 30,000 ತಂದರೆ ಆರು ತಿಂಗಳಿಗೆ ಬಡ್ಡಿಯೇ 5,400. ಮೊತ್ತ, ತಾರೀಖು ಬರೆದು ಒಂದು ರಾತ್ರಿ ಬಿಟ್ಟರೆ ಎಷ್ಟೋ ಸಲ ಆ ಸಾಲವೇ ಬೇಕಿರುವುದಿಲ್ಲ. ನನಗೆ ವರ್ಷಕ್ಕೆ ಏಳೆಂಟು ಸಾವಿರ ಬಡ್ಡಿ ಉಳಿದಿರಬೇಕು.

ಹಾಗಾದರೆ ಕೂಡಿಡುವುದು, ವಿಮೆ ಮಾಡಿಸುವುದು ಅಪನಂಬಿಕೆಯೇ ಎಂದು ಕೇಳುತ್ತಾರೆ. ವಿಮೋಚನಕಾಂಡ 16 ಪೂರ್ತಿ ಓದಿ. ಮರುಭೂಮಿಯಲ್ಲಿ ದೇವರು ದಿನದಿನಕ್ಕೆ ಕೊಟ್ಟ ಆಹಾರ ಮನ್ನ; ಮರುದಿನಕ್ಕೆಂದು ಇಟ್ಟದ್ದಕ್ಕೆ ಹುಳ ಬಿತ್ತು. ಆದರೆ ಆರನೆಯ ದಿನ ಎರಡರಷ್ಟು ಕೂಡಿಸಿ, ಏಳನೆಯ ದಿನದ ವಿಶ್ರಾಂತಿಯಾದ ಸಬ್ಬತ್ತಿಗೆಂದು ಇಟ್ಟದ್ದು ಕೆಡಲಿಲ್ಲ, ಅದನ್ನು ಇಡಲು ಹೇಳಿದವನೂ ದೇವರೇ. ವಿಮೆಯ ಕಂತು ಎಡಗಡೆ ಬರೆಯಿರಿ.

ಎರಡು ಮೂರು ವಾರ ನಿದ್ದೆ ಇಲ್ಲ, ಎದೆ ಹೊಡೆದುಕೊಳ್ಳುತ್ತದೆ, ಊಟ ಸೇರುವುದಿಲ್ಲ ಎಂದರೆ ಪುಸ್ತಕ ಒಂದೇ ಸಾಲದು, ಡಾಕ್ಟರ ಹತ್ತಿರ ಹೋಗಬೇಕು. ಸಾಯಬೇಕೆಂದು ಕೇಳಿಕೊಂಡು ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ಮಾತ್ರೆ ತೆಗೆದುಕೊಳ್ಳುವ ಹೊತ್ತನ್ನೂ ಎಡಗಡೆಯೇ ಬರೆದುಕೊಳ್ಳಿ, ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ.